ಹಿರಿಯರ ಗೃಹ ಆರೈಕೆ ಮತ್ತು ಒಡನಾಟ

ಹಿರಿಯರ ಗೃಹ ಆರೈಕೆ ಎಂದರೆ ವಯಸ್ಸಾದವರು ತಮ್ಮ ಮನೆಯಲ್ಲಿಯೇ ಉಳಿದು ಬಾಳಲು ನೆರವಾಗುವ, ವೈದ್ಯಕೀಯ ಚಿಕಿತ್ಸೆಯ ಹೊರಗಿನ ಸೇವೆ. ಸ್ನಾನ, ಊಟ, ಉಡುಗೆ, ನಡಿಗೆ ಮೊದಲಾದ ನಿತ್ಯದ ಕೆಲಸಗಳಲ್ಲಿ ಕೈಜೋಡಿಸುವುದು, ಮಾತಿಗೆ ಜೊತೆಯಾಗುವುದು, ಬ್ಯಾಂಕು ಹಾಗೂ ಆಸ್ಪತ್ರೆಗೆ ಕರೆದೊಯ್ಯುವುದು, ಗುಳಿಗೆಯ ಹೊತ್ತನ್ನು ನೆನಪಿಸುವುದು ಇದರಲ್ಲಿ ಸೇರುತ್ತವೆ. ಭಾರತದಲ್ಲಿ ಇದನ್ನು ಬಹುಕಾಲ ಕುಟುಂಬವೇ, ಅದರಲ್ಲೂ ಮನೆಯ ಹೆಣ್ಣುಮಕ್ಕಳೇ, ಹೆಸರಿಲ್ಲದ ಕೆಲಸವಾಗಿ ನಡೆಸಿಕೊಂಡು ಬಂದಿದ್ದಾರೆ. ಕಳೆದ ಕೆಲವು ದಶಕಗಳಲ್ಲಿ ನಗರಗಳಲ್ಲಿ ಇದು ಹಣ ಪಡೆದು ಒದಗಿಸುವ ಸೇವೆಯೂ ಆಗಿದೆ. ರಾಯಚೂರಿನಂತಹ ಜಿಲ್ಲೆಗಳ ಹಳ್ಳಿಗಳಲ್ಲಿ ದುಡಿಯುವ ವಯಸ್ಸಿನವರು ಗುಳೆ ಹೋದಾಗ ಈ ಕೆಲಸ ಮಾಡುವವರು ಯಾರು ಎಂಬುದು ಇಂದಿಗೂ ಬಗೆಹರಿಯದ ಪ್ರಶ್ನೆ.

ವ್ಯಾಪ್ತಿ

ಹಿರಿಯರಿಗೆ ಎಷ್ಟು ನೆರವು ಬೇಕು ಎಂಬುದನ್ನು ಅಳೆಯಲು ಎರಡು ಮಾನದಂಡಗಳು ಹೆಚ್ಚು ಬಳಕೆಯಲ್ಲಿವೆ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಮಾನದಂಡವು ಸ್ನಾನ, ಉಡುಗೆ, ಶೌಚ, ಓಡಾಟ, ಮಲಮೂತ್ರದ ಹತೋಟಿ ಮತ್ತು ಊಟ ಎಂಬ ಆರು ಸಂಗತಿಗಳನ್ನು ನೋಡುತ್ತದೆ. ಲಾಟನ್ ಮತ್ತು ಬ್ರಾಡಿ 1969ರಲ್ಲಿ ರೂಪಿಸಿದ ಮಾನದಂಡವು ಅಡುಗೆ, ಖರೀದಿ, ಹಣದ ಲೆಕ್ಕ, ಪ್ರಯಾಣ, ದೂರವಾಣಿ ಬಳಕೆಯಂತಹ ಕೆಲಸಗಳನ್ನು ಪರಿಗಣಿಸುತ್ತದೆ. ಎರಡನೆಯ ಪಟ್ಟಿಯ ಕೆಲಸಗಳು ಸಾಮಾನ್ಯವಾಗಿ ಮೊದಲು ಕೈತಪ್ಪುತ್ತವೆ. ಮುದುಕರೊಬ್ಬರು ತಾವೇ ಮಿಂದು ತಾವೇ ಉಣ್ಣುತ್ತಿದ್ದರೂ ಪಿಂಚಣಿ ಹಣ ತೆಗೆಯಲು ಬ್ಯಾಂಕಿಗೆ ಹೋಗಲಾರದ ಸ್ಥಿತಿಯಲ್ಲಿರಬಹುದು. ಮನೆಯವರ ಕಣ್ಣಿಗೆ ಅವರು ಗಟ್ಟಿಯಾಗಿಯೇ ಇರುತ್ತಾರೆ.

ಈ ಎರಡು ಪಟ್ಟಿಗಳಲ್ಲಿ ಯಾವುದರಲ್ಲೂ ಒಡನಾಟಕ್ಕೆ ಸ್ಥಾನವಿಲ್ಲ. ಆದರೆ ಒಂಟಿತನವು ಆರೋಗ್ಯದ ಪ್ರಶ್ನೆಯೂ ಹೌದು ಎಂಬುದನ್ನು ಈಗ ಒಪ್ಪಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸಾಮಾಜಿಕ ಸಂಬಂಧಗಳ ಕುರಿತು ಪ್ರತ್ಯೇಕ ಆಯೋಗವನ್ನೇ ರಚಿಸಿತು. ಒಡನಾಡಿಯ ಕೆಲಸ ನೋಡಲು ಸುಲಭವೆನಿಸುತ್ತದೆ: ಪತ್ರಿಕೆ ಓದಿ ಹೇಳುವುದು, ಕಟ್ಟೆಯವರೆಗೆ ಜೊತೆಗೆ ನಡೆಯುವುದು, ಹಳೆಯ ಕಥೆಯನ್ನು ಹತ್ತನೆಯ ಸಲವೂ ಬೇಸರಿಸದೆ ಕೇಳುವುದು. ಅದೇ ಹೊತ್ತಿನಲ್ಲಿ ಒಡನಾಡಿಯು ನಿನ್ನೆಗಿಂತ ಇಂದು ಏನು ಬದಲಾಗಿದೆ ಎಂಬುದನ್ನು ಗಮನಿಸುತ್ತಿರಬೇಕು. ಊಟ ಕಡಿಮೆಯಾಗಿರುವುದು, ಕಾಲು ಊದಿರುವುದು, ಮಾತು ಇದ್ದಕ್ಕಿದ್ದಂತೆ ಗೊಂದಲವಾಗಿರುವುದು ಮೊದಲು ಕಾಣುವುದು ಜೊತೆಗಿರುವವರಿಗೆ. ಹಿರಿಯರಲ್ಲಿ ಒಂದೆರಡು ದಿನದೊಳಗೆ ಕಾಣಿಸಿಕೊಳ್ಳುವ ಗೊಂದಲವನ್ನು ಅನೇಕರು ಅರಳುಮರಳು ಎಂದು ಬಿಟ್ಟುಬಿಡುತ್ತಾರೆ. ಅದು ಸೋಂಕಿನ ಅಥವಾ ನೀರಿನ ಕೊರತೆಯ ಲಕ್ಷಣವಾಗಿರುವ ಸಂಭವವಿದ್ದು, ಕೂಡಲೇ ವೈದ್ಯರಿಗೆ ತೋರಿಸಬೇಕಾದ ಸ್ಥಿತಿ.

ವೈದ್ಯಕೀಯ ಕೆಲಸಕ್ಕೂ ಇದಕ್ಕೂ ನಡುವಿನ ಗೆರೆ ಮುಖ್ಯವಾದುದು. ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಹೊತ್ತಿಗೆ ಸರಿಯಾಗಿ ಕೊಡುವುದು ಆರೈಕೆದಾರರ ಕೆಲಸ, ಅದರ ಪ್ರಮಾಣ ಬದಲಿಸುವುದು ಅಲ್ಲ. ಚುಚ್ಚುಮದ್ದು, ಮೂತ್ರನಾಳದ ಕೊಳವೆ, ಹುಣ್ಣಿಗೆ ಪಟ್ಟಿ ಕಟ್ಟುವುದು ತರಬೇತಿ ಪಡೆದ ಶುಶ್ರೂಷಕರಿಗೆ ಸೇರಿದ್ದು. ಮನೆಗೆಲಸವೂ ಬೇರೆಯೇ. ಹಿರಿಯರಿಗೆಂದು ನೇಮಿಸಿಕೊಂಡವರಿಂದ ಇಡೀ ಮನೆಯ ಪಾತ್ರೆ ತೊಳೆಸುವುದು ನಗರದ ಮನೆಗಳಲ್ಲಿ ಜಗಳಕ್ಕೆ ಸಾಮಾನ್ಯ ಕಾರಣ.

ಹಿನ್ನೆಲೆ

ಕೆಲವು ದೇಶಗಳು ಈ ಆರೈಕೆಯನ್ನು ಸಾರ್ವಜನಿಕ ಹೊಣೆಯೆಂದು ಒಪ್ಪಿಕೊಂಡಿವೆ. ಜರ್ಮನಿಯಲ್ಲಿ 1995ರಿಂದ, ಜಪಾನಿನಲ್ಲಿ 2000ದಿಂದ ದೀರ್ಘಾವಧಿ ಆರೈಕೆಗೆಂದೇ ಕಡ್ಡಾಯ ವಿಮೆ ಜಾರಿಯಲ್ಲಿದೆ. ಜಪಾನಿನಲ್ಲಿ 40 ವರ್ಷ ದಾಟಿದವರೆಲ್ಲರೂ ಇದಕ್ಕೆ ಕಂತು ಕಟ್ಟುತ್ತಾರೆ. ಭಾರತದಲ್ಲಿ ಅಂತಹ ವಿಮೆ ಇಲ್ಲ. 70 ವರ್ಷ ದಾಟಿದವರೆಲ್ಲರಿಗೂ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ 2024ರ ಅಕ್ಟೋಬರಿನಲ್ಲಿ ವಿಸ್ತರಿಸಲಾದ ಆಯುಷ್ಮಾನ್ ಭಾರತ ಯೋಜನೆಯು ಆಸ್ಪತ್ರೆಯಲ್ಲಿ ದಾಖಲಾದಾಗ ನೆರವಾಗುತ್ತದೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕೈಹಿಡಿದು ನಡೆಸುವವರ ಕೂಲಿ ಅದರಲ್ಲಿ ಬರುವುದಿಲ್ಲ.

2011ರ ಜನಗಣತಿಯ ಪ್ರಕಾರ ಭಾರತದ ಜನಸಂಖ್ಯೆಯಲ್ಲಿ 60 ವರ್ಷ ದಾಟಿದವರ ಪಾಲು ಶೇ 8.6 ಇತ್ತು, ಕರ್ನಾಟಕದಲ್ಲಿ ಶೇ 9.5. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿಯು ದೇಶದಲ್ಲಿ ಈ ಪಾಲು 2050ರ ವೇಳೆಗೆ ಶೇ 20.8ಕ್ಕೆ ಏರುವುದೆಂದು ಅಂದಾಜಿಸಿದೆ. 60 ದಾಟಿದವರಲ್ಲಿ ಶೇ 7.4ರಷ್ಟು ಮಂದಿಗೆ ಮರೆವಿನ ಕಾಯಿಲೆ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಲೆಕ್ಕ ಹಾಕಿದೆ. ಈ ಕಾಯಿಲೆಯವರಿಗೆ ಔಷಧಿಗಿಂತಲೂ ಹೆಚ್ಚಾಗಿ ಬೇಕಾಗುವುದು ಹಗಲಿರುಳು ಜೊತೆಗಿರುವವರು.

ಬೆಂಗಳೂರಿನಲ್ಲಿ

ಕರ್ನಾಟಕದಲ್ಲಿ ಸಂಘಟಿತ ಸೇವೆ ಬೆಳೆದದ್ದು ಮುಖ್ಯವಾಗಿ ಬೆಂಗಳೂರಿನಲ್ಲಿ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 1998ರಿಂದ ಹಿರಿಯರಿಗಾಗಿ ಕೆಲಸ ಮಾಡುತ್ತಿದೆ. ಈ ಸಂಸ್ಥೆ ಮತ್ತು ನಗರ ಪೊಲೀಸರು ಸೇರಿ 2002ರಲ್ಲಿ 1090 ಸಂಖ್ಯೆಯ ಹಿರಿಯರ ಸಹಾಯವಾಣಿ ಆರಂಭಿಸಿದರು. ಕೇಂದ್ರ ಸರ್ಕಾರದ ಹಿರಿಯರ ಸಹಾಯವಾಣಿಯ ಸಂಖ್ಯೆ 14567. ಮಕ್ಕಳು ವಿದೇಶಕ್ಕೆ ಹೋದ ಮನೆಗಳು ಹೆಚ್ಚಿದಂತೆ ಖಾಸಗಿ ಕಂಪನಿಗಳೂ ಬಂದವು. ಅಲ್ಲೇ ನೆಲೆಗೊಂಡ ಪೋರ್ಟಿಯಾ 2013ರಲ್ಲಿ ಸ್ಥಾಪನೆಯಾಯಿತು. 2022ರಲ್ಲಿ ಮುಂಬೈಯಲ್ಲಿ ಶುರುವಾಗಿ ಬೆಂಗಳೂರಿಗೂ ಬಂದ ಗುಡ್‌ಫೆಲೋಸ್ ಎಂಬ ಸಂಸ್ಥೆ ಯುವಕ ಯುವತಿಯರನ್ನು ಕೇವಲ ಒಡನಾಟಕ್ಕೆಂದೇ ಹಿರಿಯರ ಮನೆಗೆ ಕಳುಹಿಸುತ್ತದೆ. ಸೇವೆಯನ್ನು ಸಾಮಾನ್ಯವಾಗಿ 12 ಗಂಟೆಯ ಪಾಳಿ ಅಥವಾ ಮನೆಯಲ್ಲೇ ಉಳಿಯುವ 24 ಗಂಟೆಯ ವ್ಯವಸ್ಥೆಯಾಗಿ ಕೊಡಲಾಗುತ್ತದೆ.

ಇಲ್ಲಿನ ದೊಡ್ಡ ತೊಡಕು ಭಾಷೆಯದು. ಆರೈಕೆಗೆ ಬರುವವರಲ್ಲಿ ಅನೇಕರು ಹೊರರಾಜ್ಯದವರು. ಆರೈಕೆ ಪಡೆಯುವ ಅಜ್ಜಿಗೆ ಕನ್ನಡವೊಂದೇ ಬರುತ್ತಿರಬಹುದು. ಮರೆವಿನ ಕಾಯಿಲೆಯವರು ನಡುವಯಸ್ಸಿನಲ್ಲಿ ಕಲಿತ ಭಾಷೆಗಳನ್ನು ಮೊದಲು ಕಳೆದುಕೊಂಡು ತಾಯ್ನುಡಿಗೆ ಮರಳುವುದುಂಟು. ಆಗ ಮೈ ಒರೆಸುವ, ಊಟ ಮಾಡಿಸುವ ಕೆಲಸ ಚೆನ್ನಾಗಿಯೇ ನಡೆದರೂ ಒಡನಾಟ ಮಾತ್ರ ನಡೆಯುವುದಿಲ್ಲ.

ರಾಯಚೂರು ಜಿಲ್ಲೆಯಲ್ಲಿ

ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ ನದಿಗಳ ನಡುವಿನ ಎಡೆದೊರೆ ನಾಡಿನಲ್ಲಿ ಚಿತ್ರ ಬೇರೆಯಾಗಿದೆ. ಎರಡು ನದಿಗಳ ನಡುವಿದ್ದರೂ ಜಿಲ್ಲೆಯ ಬಹಳಷ್ಟು ಹೊಲಗಳು ಮಳೆಯನ್ನೇ ನೆಚ್ಚಿವೆ. ಕಾಲುವೆ ಇರುವ ಕಡೆಯೂ ಕೊನೆಯಂಚಿನ ಹೊಲಗಳಿಗೆ ನೀರು ತಲುಪದೆ ಹೋಗುವುದುಂಟು. ಹೀಗಾಗಿ ದೇವದುರ್ಗ, ಮಾನ್ವಿ, ಲಿಂಗಸುಗೂರು, ರಾಯಚೂರು ತಾಲ್ಲೂಕುಗಳ ಹಳ್ಳಿಗಳಿಂದ ಕೂಲಿ ಕುಟುಂಬಗಳು ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಗೆ ಗುಳೆ ಹೋಗುತ್ತವೆ. ರಾಶಿ ಮುಗಿದ ಬಳಿಕ ಹೊರಟು ಮುಂಗಾರಿನ ಹೊತ್ತಿಗೆ ಮರಳುವುದು ಹಳೆಯ ರೂಢಿ. ಕಟ್ಟಡ ಕೆಲಸ ಖಾಯಂ ಆದ ಮೇಲೆ ವರ್ಷಗಟ್ಟಲೆ ಅಲ್ಲೇ ಉಳಿಯುವವರೂ ಇದ್ದಾರೆ.

ಗುಳೆ ಹೋಗುವವರು ಹಿರಿಯರನ್ನು ಊರಲ್ಲೇ ಬಿಟ್ಟು ಹೋಗುತ್ತಾರೆ. ಕಟ್ಟಡದ ಬದಿಯ ತಗಡಿನ ಶೆಡ್ಡಿನಲ್ಲಿ ಅವರಿಗೆ ಜಾಗವಿಲ್ಲ. ಮನೆ, ದನ, ಶಾಲೆಗೆ ಹೋಗುವ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಊರಲ್ಲಿ ಯಾರಾದರೂ ಇರಲೇಬೇಕು. ಆರೈಕೆ ಬೇಕಾದವರೇ ಆರೈಕೆ ಮಾಡುವವರಾಗುವ ಈ ಸ್ಥಿತಿ ನಗರದ ಒಂಟಿ ಹಿರಿಯರ ಸ್ಥಿತಿಗಿಂತ ಭಿನ್ನವಾದುದು, ಇದನ್ನು ಕುರಿತ ಚರ್ಚೆಯೂ ಕಡಿಮೆ. ಕಣ್ಣಿಗೆ ಪೊರೆ ಬಂದ ಅಜ್ಜಿಯೇ ಒಲೆ ಹಚ್ಚಿ ಮಕ್ಕಳಿಗೆ ರೊಟ್ಟಿ ಬಡಿಯುತ್ತಾಳೆ, ನೀರಿನ ಕೊಡವನ್ನೂ ಅವಳೇ ಹೊರುತ್ತಾಳೆ. ಅವಳು ಜಾರಿ ಬಿದ್ದು ಸೊಂಟದ ಎಲುಬು ಮುರಿದರೆ ಆಸ್ಪತ್ರೆಗೆ ಕರೆದೊಯ್ಯುವುದರಿಂದ ಹಿಡಿದು ಮುಂದಿನ ತಿಂಗಳುಗಳ ಆರೈಕೆಯವರೆಗೆ ಎಲ್ಲವೂ ನೆರೆಹೊರೆಯವರ ಮೇಲೆ ಬೀಳುತ್ತದೆ. ಇಲ್ಲವೇ ಊರಾಚೆಯ ಮಗನೋ ಸೊಸೆಯೋ ಕೂಲಿ ಬಿಟ್ಟು ಹಿಂದಿರುಗಬೇಕು.

ಈ ಭಾಗದ ಹಳ್ಳಿಗಳಲ್ಲಿ ಓಣಿಯೇ ಆರೈಕೆಯ ವ್ಯವಸ್ಥೆ. ಪಕ್ಕದ ಮನೆಯಿಂದ ಎರಡು ರೊಟ್ಟಿ, ಒಂದು ಬಟ್ಟಲು ಪಲ್ಯ ಬರುತ್ತದೆ. ಹಲ್ಲಿಲ್ಲದವರಿಗೆ ರೊಟ್ಟಿಯನ್ನು ಸಾರಿನಲ್ಲೋ ಹಾಲಿನಲ್ಲೋ ನೆನೆಸಿ ಕೊಡುತ್ತಾರೆ, ನುಚ್ಚು ಮಾಡಿದ ದಿನ ಅದನ್ನೇ ಕಳಿಸುತ್ತಾರೆ. ಬೆಳಿಗ್ಗೆ ಕಟ್ಟೆಯ ಮೇಲೆ ಕಾಣದ ಮುದುಕರನ್ನು ಯಾರಾದರೂ ಹೋಗಿ ಕೂಗಿ ನೋಡುತ್ತಾರೆ. ಈ ವ್ಯವಸ್ಥೆಯನ್ನು ಹೊಗಳುವುದು ಸುಲಭ, ಆದರೆ ಅದರ ಮಿತಿಗಳು ಸ್ಪಷ್ಟ. ಓಣಿಯವರು ಊಟ ಕೊಡಬಲ್ಲರು. ಹಾಸಿಗೆ ಹಿಡಿದವರ ಶೌಚ ತೆಗೆಯಲು ದಿನವೂ ಬರಲಾರರು. ಗುಳೆ ಹೆಚ್ಚಾದ ವರ್ಷ ಓಣಿಯೇ ಖಾಲಿಯಾಗುತ್ತದೆ. ಜಾತಿಯ ಗೆರೆಯೂ ಯಾರ ಮನೆಯಿಂದ ಯಾರ ಮನೆಗೆ ರೊಟ್ಟಿ ಹೋಗಬಹುದೆಂಬುದನ್ನು ನಿರ್ಧರಿಸುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಗುಳೆಯ ಕಾಲವೂ ಅದೇ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಂದುವುದರಿಂದ ಕೇಳದಿದ್ದರೂ ನೀರು, ಮಜ್ಜಿಗೆ, ಅಂಬಲಿ ಕೊಡುತ್ತಿರುವವರು ಬೇಕು. ಬಿಸಿಲಿನ ಆ ಎರಡು ತಿಂಗಳಲ್ಲಿ ಅದಕ್ಕಿಂತ ದೊಡ್ಡ ಆರೈಕೆ ಬೇರೊಂದಿಲ್ಲ.

ಯಾಪಲದಿನ್ನಿಯಂತಹ ರಾಯಚೂರು ತಾಲ್ಲೂಕಿನ ಹಳ್ಳಿಗಳಿಗೆ ಹಣ ಪಡೆಯುವ ಆರೈಕೆ ಕಂಪನಿಗಳು ತಲುಪಿಲ್ಲ. ಅಲ್ಲಿ ಹಿರಿಯರ ಮನೆ ಬಾಗಿಲಿಗೆ ಬರುವವರು ಆಶಾ ಕಾರ್ಯಕರ್ತೆಯರು ಮತ್ತು ಗ್ರಾಮ ಪಂಚಾಯಿತಿ ಮಟ್ಟದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಎರಡನೆಯವರು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಅಡಿ ಗೌರವಧನ ಪಡೆದು ದುಡಿಯುವವರು, ಬಹುತೇಕ ಸ್ವತಃ ಅಂಗವಿಕಲರು. ಹಿಂದೆ ಸಂಧ್ಯಾ ಸುರಕ್ಷಾ ಮೊದಲಾದ ಪಿಂಚಣಿಗಳು ಅಂಚೆ ಮನಿಯಾರ್ಡರ್ ಮೂಲಕ ಬರುತ್ತಿದ್ದಾಗ ಅಂಚೆಯವನು ತಿಂಗಳಿಗೊಮ್ಮೆ ಬಂದು ಮುಖ ನೋಡಿ, ಹೆಬ್ಬೆಟ್ಟು ಒತ್ತಿಸಿಕೊಂಡು ಹಣ ಕೊಡುತ್ತಿದ್ದ. ಹಣ ನೇರ ಖಾತೆಗೆ ಹೋಗತೊಡಗಿದ ಮೇಲೆ ಸೋರಿಕೆ ತಡೆಯುವುದು ಸುಲಭವಾಯಿತು. ಬಾಗಿಲಿಗೆ ಬರುತ್ತಿದ್ದ ಒಬ್ಬ ಮನುಷ್ಯ ಇಲ್ಲವಾದ.

ಸರ್ಕಾರದ ಯೋಜನೆಗಳು

2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯಡಿ 65 ವರ್ಷ ದಾಟಿದ ಬಡವರಿಗೆ ತಿಂಗಳಿಗೆ 1200 ರೂಪಾಯಿ ದೊರೆಯುತ್ತದೆ. ರಾಷ್ಟ್ರೀಯ ಹಿರಿಯರ ಆರೋಗ್ಯ ಕಾರ್ಯಕ್ರಮವು ಹಾಸಿಗೆ ಹಿಡಿದವರ ಮನೆಗೆ ಆರೋಗ್ಯ ಸಿಬ್ಬಂದಿ ಭೇಟಿ ನೀಡಬೇಕೆನ್ನುತ್ತದೆ. 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಚಾಲನೆ ಪಡೆದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆಮನೆಗೆ ಹೋಗಿ ರಕ್ತದೊತ್ತಡ, ಸಕ್ಕರೆ ಕಾಯಿಲೆ ಪರೀಕ್ಷಿಸಲಾಗುತ್ತದೆ. 2023ರ ವಿಧಾನಸಭಾ ಚುನಾವಣೆಯಲ್ಲಿ 80 ವರ್ಷ ದಾಟಿದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶವಿತ್ತು. ಹೀಗೆ ಮನೆ ಬಾಗಿಲಿಗೆ ಹೋಗುವ ಯೋಜನೆಗಳಿಗೆ ಕೊರತೆಯಿಲ್ಲ. ಇವೆಲ್ಲವೂ ಬಂದು ಹೋಗುವಂಥವು, ಉಳಿಯುವವರನ್ನು ಒದಗಿಸುವುದಿಲ್ಲ. ಕೂಲಿಕಾರರ ಸಣ್ಣ ಮಕ್ಕಳಿಗೆ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳಿವೆ. ಹಿರಿಯರ ಹಗಲು ಯೋಗಕ್ಷೇಮ ಕೇಂದ್ರಗಳು ಮಾತ್ರ ಬಹುತೇಕ ನಗರಗಳಿಗೆ ಸೀಮಿತ.

ಕಾನೂನು

ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆ, 2007 ಈ ವಿಷಯದ ಮುಖ್ಯ ಕಾನೂನು. ಮಕ್ಕಳು ನೋಡಿಕೊಳ್ಳದಿದ್ದರೆ ಹಿರಿಯರು ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ರಾಯಚೂರು ಜಿಲ್ಲೆಯ ಉಪವಿಭಾಗಗಳು ರಾಯಚೂರು ಮತ್ತು ಲಿಂಗಸುಗೂರು. ನ್ಯಾಯಮಂಡಳಿ ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ಜೀವನಾಂಶ ವಿಧಿಸಬಲ್ಲದು. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ವಾರಸುದಾರರಾಗುವ ಸಂಬಂಧಿಕರಿಂದ ಜೀವನಾಂಶ ಕೇಳಬಹುದು. ಹಿರಿಯರನ್ನು ತೊರೆದವರಿಗೆ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ.

ಹೆಚ್ಚು ಚರ್ಚೆಗೆ ಬರುವುದು 23ನೆಯ ಕಲಂ. ತನ್ನನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನು, ಆ ಷರತ್ತು ಮುರಿದರೆ ರದ್ದುಪಡಿಸಲು ಇದು ಅವಕಾಶ ನೀಡುತ್ತದೆ. ಅಂತಹ ಷರತ್ತು ಇತ್ತೆಂಬುದು ಸಾಬೀತಾಗಬೇಕೆಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯದ ಇನ್ನೊಂದು ತೀರ್ಪು ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕೆಂದಿತು. ಆದ್ದರಿಂದ ದಾನಪತ್ರದಲ್ಲಿಯೇ ಷರತ್ತನ್ನು ಬರೆಸುವುದು ಕ್ಷೇಮ. ಉಯಿಲಿಗೆ ಈ ತೊಡಕಿಲ್ಲ. ಬರೆದವರು ಬದುಕಿರುವವರೆಗೆ ಅದನ್ನು ಯಾವಾಗ ಬೇಕಾದರೂ ಬದಲಿಸಬಹುದು. 2025ರ ಮಾರ್ಚ್‌ನಲ್ಲಿ, ಸರ್ಕಾರಿ ವೈದ್ಯಕೀಯ ಸಂಸ್ಥೆಗಳಲ್ಲಿ ಮಕ್ಕಳು ತಂದೆತಾಯಿಯರನ್ನು ಬಿಟ್ಟು ಹೋಗುತ್ತಿರುವ ಪ್ರಕರಣಗಳು ಚರ್ಚೆಗೆ ಬಂದಾಗ, ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಈ ಕಾಯ್ದೆಯಡಿ ದೂರು ದಾಖಲಿಸುವಂತೆ ಅಧಿಕಾರಿಗಳಿಗೆ ಸೂಚಿಸಿದರು.

ಕಾಯ್ದೆ ಹಣ ಮತ್ತು ಆಸ್ತಿಯ ಬಗ್ಗೆ ಮಾತಾಡುತ್ತದೆ. ಮನೆಯಲ್ಲಿ ಆರೈಕೆ ಮಾಡುವ ಸಂಸ್ಥೆಗಳ ಬಗ್ಗೆ ಏನನ್ನೂ ಹೇಳುವುದಿಲ್ಲ. 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಲಾದ ತಿದ್ದುಪಡಿ ಮಸೂದೆಯು ಗೃಹ ಆರೈಕೆ ಸಂಸ್ಥೆಗಳ ನೋಂದಣಿ ಮತ್ತು ಕನಿಷ್ಠ ಗುಣಮಟ್ಟವನ್ನು ಪ್ರಸ್ತಾಪಿಸಿತ್ತು. 17ನೆಯ ಲೋಕಸಭೆಯ ಅವಧಿಯಲ್ಲಿ ಅದು ಅಂಗೀಕಾರವಾಗದೆ ಬಿದ್ದುಹೋಯಿತು.

ಆರೈಕೆದಾರರು

ಈ ಕೆಲಸದಲ್ಲಿ ಮಹಿಳೆಯರೇ ಹೆಚ್ಚು. ಊರಲ್ಲಿ ತಮ್ಮ ತಾಯಿಯನ್ನು ನೆರೆಯವರಿಗೆ ಒಪ್ಪಿಸಿ ಬಂದು, ನಗರದಲ್ಲಿ ಬೇರೆಯವರ ತಾಯಿಯನ್ನು ನೋಡಿಕೊಳ್ಳುವವರು ಅವರಲ್ಲಿದ್ದಾರೆ. ಹಿರಿಯರ ಆರೈಕೆಗೆ ಕೌಶಲ ತರಬೇತಿಗಳು ದೇಶದಲ್ಲಿ ಲಭ್ಯವಿದ್ದರೂ ತರಬೇತಿ ಕಡ್ಡಾಯವಲ್ಲ. ಮನೆಗೆಲಸದವರಿಗೆ ಕರ್ನಾಟಕ ಸರ್ಕಾರ 2004ರಲ್ಲಿ ಕನಿಷ್ಠ ವೇತನ ನಿಗದಿಪಡಿಸಿತು. ಮನೆಗೆಲಸಗಾರರಿಗೆ ಯೋಗ್ಯ ಉದ್ಯೋಗ ಕುರಿತ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2011ರ ಒಪ್ಪಂದವನ್ನು ಭಾರತ ಅನುಮೋದಿಸಿಲ್ಲ. 24 ಗಂಟೆ ಮನೆಯಲ್ಲೇ ಇರುವವರ ನಿದ್ದೆ, ವಾರದ ರಜೆ, ಮಲಗುವ ಜಾಗ ಇವೆಲ್ಲ ಮನೆಯವರ ಮರ್ಜಿಗೆ ಬಿಟ್ಟಿವೆ. ನೇಮಿಸಿಕೊಳ್ಳುವವರು ಪೊಲೀಸ್ ಪರಿಶೀಲನೆ ಮಾಡಿಸುವುದು ರೂಢಿಯಾಗುತ್ತಿದೆ; ಕೆಲಸದ ಮಿತಿ, ರಜೆ, ಸಂಬಳವನ್ನು ಬರಹದಲ್ಲಿ ಒಪ್ಪಿಕೊಳ್ಳುವುದು ಇನ್ನೂ ರೂಢಿಯಾಗಿಲ್ಲ.

ಕೂಲಿಯಿಲ್ಲದೆ ಆರೈಕೆ ಮಾಡುವ ಸೊಸೆ, ಮಗಳು, ಹೆಂಡತಿಯರಿಗೆ ಬಿಡುವು ಕೊಡುವ ವ್ಯವಸ್ಥೆ ರಾಜ್ಯದಲ್ಲಿ ಅಪರೂಪ. ಅವರಲ್ಲಿ ಅನೇಕರು ತಾವೇ 60 ದಾಟಿದವರು.

ಚಲನಚಿತ್ರದಲ್ಲಿ

ಹೇಮಂತ್ ರಾವ್ ನಿರ್ದೇಶನದ 2016ರ ಕನ್ನಡ ಚಿತ್ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಮರೆವಿನ ಕಾಯಿಲೆಯ ವೆಂಕೋಬ ರಾವ್ ಎಂಬ ಹಿರಿಯರು ಕಾಣೆಯಾಗುವ ಕಥೆಯನ್ನು ಹೇಳುತ್ತದೆ. ಆ ಪಾತ್ರದಲ್ಲಿ ಅನಂತ್ ನಾಗ್ ನಟಿಸಿದ್ದಾರೆ.