ಭಾರತೀಯ ವಿಜ್ಞಾನ ಸಂಸ್ಥೆ
ಬೆಂಗಳೂರಿನಲ್ಲಿರುವ ಉನ್ನತ ಶಿಕ್ಷಣ ಮತ್ತು ಸಂಶೋಧನ ಕೇಂದ್ರ. ಹಳೆಯ ಬೆಂಗಳೂರಿಗರ ಬಾಯಲ್ಲಿ ಇದು ಟಾಟಾ ಇನ್‌ಸ್ಟಿಟ್ಯೂಟ್. ಮೂಲವಿಜ್ಞಾನವೂ ಎಂಜಿನಿಯರಿಂಗೂ ಮೊದಲ ದಿನದಿಂದಲೇ ಒಂದೇ ಆವರಣದಲ್ಲಿ ಬೆಳೆದುದು ಇದರ ಹೆಗ್ಗಳಿಕೆ.

ಸ್ಥಾಪನೆ: ಸಂಸ್ಥೆಯ ಕನಸು ಕಂಡವರು ಉದ್ಯಮಿ ಜಮ್‌ಷೆಟ್‌ಜಿ ಟಾಟಾ. ಅದು ಕೈಗೂಡುವ ಮೊದಲೇ, 1904ರಲ್ಲಿ, ಅವರು ತೀರಿಕೊಂಡರು. ಮೈಸೂರು ಸಂಸ್ಥಾನ 371 ಎಕರೆ ನೆಲವನ್ನೂ ವಾರ್ಷಿಕ 50,000 ರೂಪಾಯಿ ಅನುದಾನವನ್ನೂ ಕೊಟ್ಟಿತು. 1909ರ ಮೇ 27ರಂದು ಸಂಸ್ಥೆ ವಿಧಿವತ್ತಾಗಿ ಅಸ್ತಿತ್ವಕ್ಕೆ ಬಂತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ಕಟ್ಟಡಕ್ಕೆ ಅಡಿಗಲ್ಲಿಟ್ಟರು. ನಿಯಾನ್, ಕ್ರಿಪ್ಟಾನ್ ಅನಿಲಗಳ ಶೋಧದಲ್ಲಿ ವಿಲಿಯಂ ರಾಮ್ಸೆಯವರ ಜೊತೆಗಾರರಾಗಿದ್ದ ಮಾರಿಸ್ ಟ್ರಾವರ್ಸ್ ಮೊದಲ ನಿರ್ದೇಶಕರು.

ಮೊದಲ ವಿಭಾಗಗಳು: 1911ರ ಜುಲೈನಲ್ಲಿ ರಸಾಯನವಿಜ್ಞಾನ ಮತ್ತು ವಿದ್ಯುತ್ ತಂತ್ರಜ್ಞಾನದ ಪಾಠಗಳು ಆರಂಭವಾದವು. ಶಿವನಸಮುದ್ರದ ಜಲವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿಗೂ ಹರಿದಿತ್ತು. ಅದನ್ನು ಬಲ್ಲ ತಂತ್ರಜ್ಞರು ನಾಡಿಗೆ ಬೇಕಿತ್ತು. ರಸಾಯನವಿಜ್ಞಾನದ ಬೆಲೆಯನ್ನು ಮೊದಲ ಮಹಾಯುದ್ಧ ತೋರಿಸಿಕೊಟ್ಟಿತು. ಯುದ್ಧದಿಂದ ಮೈಸೂರಿನ ಶ್ರೀಗಂಧದ ರಫ್ತು ನಿಂತಾಗ, ಗಂಧದ ಎಣ್ಣೆಯನ್ನು ಇಲ್ಲೇ ಬಟ್ಟಿ ಇಳಿಸುವ ವಿಧಾನ ಸಂಸ್ಥೆಯ ಪ್ರಯೋಗಾಲಯದಲ್ಲಿ ಸಿದ್ಧವಾಯಿತು. 1916ರಲ್ಲಿ ಸರ್ಕಾರಿ ಗಂಧದೆಣ್ಣೆ ಕಾರ್ಖಾನೆ ತಲೆಯೆತ್ತಿತು.

ವಿಸ್ತಾರ: 1933ರಲ್ಲಿ ಸಿ. ವಿ. ರಾಮನ್ ಮೊದಲ ಭಾರತೀಯ ನಿರ್ದೇಶಕರಾದರು. ಭೌತವಿಜ್ಞಾನ ವಿಭಾಗ ತೆರೆದರು. ಆ ವರ್ಷವೇ ಕಮಲಾ ಭಾಗವತ್ (ಮುಂದೆ ಕಮಲಾ ಸೊಹೊನಿ) ಹೆಣ್ಣೆಂಬ ಕಾರಣಕ್ಕೆ ಎದುರಾದ ನಿರಾಕರಣೆಗೆ ಮಣಿಯದೆ, ಷರತ್ತುಗಳ ಮೇಲೆ ಪ್ರವೇಶ ಪಡೆದರು. ಆಕೆಯ ಸಾಧನೆ ಮುಂದೆ ಬಂದ ವಿದ್ಯಾರ್ಥಿನಿಯರಿಗೆ ಹಾದಿ ತೆರೆಯಿತು. ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1940ರಲ್ಲಿ ನಗರಕ್ಕೆ ಬಂದ ಬೆನ್ನಲ್ಲೇ, 1942ರಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ವಿಮಾನ ಎಂಜಿನಿಯರಿಂಗ್ ವಿಭಾಗ ಹುಟ್ಟಿತು. 1958ರಲ್ಲಿ ಸಂಸ್ಥೆಗೆ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು.

ಹಳ್ಳಿಯತ್ತ: ಸತೀಶ್ ಧವನ್ ನಿರ್ದೇಶಕರಾಗಿದ್ದ ಕಾಲದಲ್ಲಿ, 1974ರಲ್ಲಿ, ರಸಾಯನವಿಜ್ಞಾನಿ ಎ. ಕೆ. ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ ‘ಅಸ್ತ್ರ’ ಕೇಂದ್ರ ಆರಂಭವಾಯಿತು. ಅಲ್ಲಿ ರೂಪುಗೊಂಡ ಅಸ್ತ್ರ ಒಲೆ ಕಡಿಮೆ ಸೌದೆಯಲ್ಲಿ ಉರಿದು, ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸುತ್ತಿತ್ತು. ಗಂಧದೆಣ್ಣೆಯಿಂದ ಕಾರ್ಖಾನೆಯನ್ನು ಮುಟ್ಟಿದ್ದ ವಿಜ್ಞಾನ ಹೀಗೆ ಹಳ್ಳಿಯ ಅಡುಗೆಮನೆಯನ್ನೂ ಮುಟ್ಟಿತು.