ಪುಂಸ್ತ್ವಪರೀಕ್ಷೆ

ಪಾಠಶಾಲೆಯಲ್ಲಿ ಯಾಜ್ಞವಲ್ಕ್ಯಸ್ಮೃತಿಯ ಆಚಾರಾಧ್ಯಾಯವನ್ನು ಓದುತ್ತಿದ್ದಾಗ, ವರಲಕ್ಷಣವನ್ನು ಹೇಳುವ ಶ್ಲೋಕಕ್ಕೆ ಬಂದೊಡನೆ ನಮ್ಮ ಗುರುಗಳು ಸ್ವಲ್ಪ ಕೆಮ್ಮಿ ಮುಂದಿನ ಶ್ಲೋಕಕ್ಕೆ ಹೋದರು. ವರನ ಪುಂಸ್ತ್ವವನ್ನು ಯತ್ನಪೂರ್ವಕವಾಗಿ ಪರೀಕ್ಷಿಸಿರಬೇಕೆಂಬುದು ಅಲ್ಲಿಯ ವಿಧಿಯೆಂದು ನನಗೆ ತಿಳಿದುದು ಬಹುಕಾಲದ ಮೇಲೆ, ಮಿತಾಕ್ಷರೆಯನ್ನು ನಾನೇ ಬಿಡಿಸಿಕೊಂಡು ಓದಿದಾಗ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. 1076-1126) ಕಾಲದಲ್ಲಿ ಆ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನಿಗೆ ಈ ಸಂಕೋಚವಿರಲಿಲ್ಲ. ಪರೀಕ್ಷೆಯ ಉಪಾಯವನ್ನು ನಾರದನಿಂದ ಉದ್ಧರಿಸಿಯೇ ಮುಂದುವರಿದಿರುವನು. ನಾರದನಾದರೋ ಷಂಡರಲ್ಲಿ ಹದಿನಾಲ್ಕು ಬಗೆಗಳನ್ನೆಣಿಸಿ, ಕೆಲವರಿಗೆ ಚಿಕಿತ್ಸೆಯಿಲ್ಲವೆಂದೂ ಕೆಲವರ ವಿಷಯದಲ್ಲಿ ವರ್ಷಕಾಲ ಕಾದು ನೋಡಬೇಕೆಂದೂ ಹೇಳುವನು. ಬೀಜವು ನೀರಿನಲ್ಲಿ ತೇಲುವುದೋ ಮುಳುಗುವುದೋ ಎಂದು ನೋಡುವ ಆ ಪರೀಕ್ಷೆಯನ್ನು ಇಂದಿನ ವೈದ್ಯರು ಒಪ್ಪರು. ಪ್ರಶ್ನೆಯು ಗಂಡಸಿನ ಮುಂದೆಯೂ ಇಡಲ್ಪಟ್ಟಿತ್ತೆಂಬುದೇ ನನಗೆ ಮುಖ್ಯವಾಗಿ ತೋರುವುದು.

ವೈದ್ಯಗ್ರಂಥಗಳೂ ಇದನ್ನು ಬಚ್ಚಿಡಲಿಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವು ಒಂದು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಜ್ವರಕ್ಕಿಂತಲೂ ಮೊದಲೇ ಅದರ ವಿಚಾರವಿದೆ. ಮುಪ್ಪು, ವ್ಯಾಧಿ, ಉಪವಾಸಗಳೊಡನೆ ಚಿಂತೆಯೂ ಶುಕ್ರಕ್ಷಯಕ್ಕೆ ಕಾರಣವೆಂದು ಅಲ್ಲಿ ಹೇಳಿದೆ. ಬೀಜದ ದೋಷ ಬೇರೆ, ಧ್ವಜಭಂಗ ಬೇರೆ ಎಂಬ ವಿವೇಕವೂ ಅಲ್ಲಿಯೇ ಉಂಟು. ಸುಶ್ರುತನು ಆರು ಬಗೆಯ ಕ್ಲೈಬ್ಯಗಳಲ್ಲಿ ಮನಸ್ಸಿನಿಂದುಂಟಾಗುವುದನ್ನೇ ಮೊದಲು ಹೇಳುವನು.

ಹಾಗೆಂದು ಪ್ರಾಚೀನರನ್ನು ಹೊಗಳಿಬಿಡಲೂ ನನಗೆ ಮನಸ್ಸಿಲ್ಲ. ಕ್ಲೀಬನಿಗೆ ಆಸ್ತಿಯಲ್ಲಿ ಭಾಗವಿಲ್ಲ, ಅನ್ನವಸ್ತ್ರ ಮಾತ್ರ ಎಂದು ವಿಧಿಸಿದವನೂ ಯಾಜ್ಞವಲ್ಕ್ಯನೇ. ದೋಷವನ್ನು ಒಪ್ಪಿದವನು ಮನೆಯನ್ನೇ ಕಳೆದುಕೊಳ್ಳುವಲ್ಲಿ ಯಾರು ತಾನೇ ಬಾಯಿ ಬಿಟ್ಟಾರು?

ಹೆಂಗಸರ ಪಾಲಿಗೆ ಇನ್ನೊಂದು ಬಾಗಿಲೂ ಮುಚ್ಚಿತು. ಗಂಡನು ಕ್ಲೀಬನಾದರೆ ಹೆಂಡತಿಗೆ ಬೇರೆ ಪತಿಯುಂಟೆಂದು ನಾರದ ಪರಾಶರರು ಹೇಳಿದ್ದರು. ಹದಿನಾಲ್ಕನೆಯ ಶತಮಾನದಲ್ಲಿ ಪರಾಶರಸ್ಮೃತಿಗೆ ವ್ಯಾಖ್ಯಾನವನ್ನು ಬರೆದ ವಿಜಯನಗರದ ಮಾಧವಾಚಾರ್ಯನು, ಅದು ಬೇರೆ ಯುಗಗಳ ಮಾತೆಂದು ಬದಿಗಿರಿಸಿದನು. ಹೆಂಡತಿಯು ಬಂಜೆಯಾದರೆ ಎಂಟನೆಯ ವರ್ಷದಲ್ಲಿ ಇನ್ನೊಬ್ಬಳನ್ನು ತರಬಹುದೆಂಬ ಮನುವಿನ ಮಾತಾದರೋ ಕಲಿಯುಗಕ್ಕೂ ಸುಖವಾಗಿ ನಡೆದುಬಂದಿತು! 1955ರ ಹಿಂದೂ ವಿವಾಹ ಕಾಯಿದೆಯು ಎರಡನೆಯ ಮದುವೆಯನ್ನು ನಿಷೇಧಿಸಿ, ನಪುಂಸಕತ್ವದ ಕಾರಣದಿಂದ ವಿವಾಹವನ್ನು ರದ್ದುಪಡಿಸಿಕೊಳ್ಳುವ ಹಕ್ಕನ್ನು ಹೆಂಡತಿಗೂ ಕೊಟ್ಟಿತು.

ಅದಕ್ಕೆ ಬಹಳ ಹಿಂದಿನ ಸಂಗತಿಯೊಂದನ್ನು ನನ್ನ ಅಜ್ಜಿ ಹೇಳುತ್ತಿದ್ದರು. ನೆಂಟರ ಮನೆಯ ಸೊಸೆಯೊಬ್ಬಳು ಮಕ್ಕಳಾಗಲೆಂದು ಏಳು ವರ್ಷ ಅಶ್ವತ್ಥಪ್ರದಕ್ಷಿಣೆ ಮಾಡಿದಳು. ಫಲವಾಗಲಿಲ್ಲ. ಮಗನಿಗೆ ಎರಡನೆಯ ಮದುವೆಯಾಯಿತು. ಮೂರು ವರ್ಷಗಳ ಮೇಲೆ ಆ ಎರಡನೆಯವಳನ್ನೂ ಅದೇ ಅಶ್ವತ್ಥಕಟ್ಟೆಗೆ ಕಳುಹಿಸಿದರು. ಅವಳ ಜೊತೆಗೆ ದಾರಿ ತೋರಿಸಲು ಮೊದಲನೆಯವಳು ಹೋಗುತ್ತಿದ್ದಳಂತೆ.