ಪಾಲಾದ ಮನೆ, ಪಾಲಾಗದ ದಾರಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಹಳೆಯ ಮನೆಗಳನ್ನು ಅಂಕಣದ ಲೆಕ್ಕದಲ್ಲಿ ಅಳೆಯುತ್ತಿದ್ದರು. ಎರಡು ಸಾಲು ಕಂಬಗಳ ನಡುವಿನ ಜಾಗ ಒಂದು ಅಂಕಣ. ಅಣ್ಣತಮ್ಮಂದಿರು ಬೇರೆಯಾದಾಗ ಮನೆ ಪಾಲಾಗುತ್ತಿದ್ದುದೂ ಅದೇ ಲೆಕ್ಕದಲ್ಲಿ: ಮೂಡಲ ಕಡೆಯ ಮೂರು ಅಂಕಣ ಹಿರಿಯನಿಗೆ, ಪಡುವಲ ಕಡೆಯ ಮೂರು ಕಿರಿಯನಿಗೆ. ನಡುಮನೆಯಲ್ಲಿ ಒಂದು ಮಣ್ಣಿನ ಗೋಡೆ ಎದ್ದರೆ ಒಂದು ಮನೆ ಎರಡಾಯಿತು.

ಅಂಕಣದ ಲೆಕ್ಕಕ್ಕೆ ಸಿಗದ ಜಾಗಗಳಲ್ಲೇ ಜಗಳ ಹುಟ್ಟುತ್ತಿತ್ತು. ತಲೆಬಾಗಿಲು ಒಬ್ಬನ ಪಾಲಿಗೆ ಬಂದರೆ ಇನ್ನೊಬ್ಬ ಒಳಗೆ ಬರುವುದು ಹೇಗೆ? ಹಿತ್ತಿಲ ಬಾವಿಗೆ ಹೋಗುವ ಓಣಿ ಯಾರದು? ತೊಟ್ಟಿಗೆ ಬಿದ್ದ ಮಳೆನೀರು ಯಾರ ಕಡೆಯಿಂದ ಬೀದಿಗೆ ಹೋಗಬೇಕು?

ಈ ಪ್ರಶ್ನೆಗಳಿಗೆ ಉತ್ತರ ಹೇಳಿದ ಹಳೆಯ ಗ್ರಂಥವೊಂದು ಕನ್ನಡ ನೆಲದಲ್ಲೇ ಹುಟ್ಟಿತು. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರ. ಬಂಗಾಳ, ಅಸ್ಸಾಂ ಬಿಟ್ಟರೆ ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬಗಳ ಆಸ್ತಿ ವಿಭಾಗಕ್ಕೆ ಇದೇ ಆಧಾರವಾಯಿತು. ಯಾವುದನ್ನು ಹಂಚಬೇಕು ಎನ್ನುವುದರ ಜೊತೆಗೆ ಯಾವುದನ್ನು ಹಂಚಬಾರದು ಎಂಬುದನ್ನೂ ವಿಜ್ಞಾನೇಶ್ವರ ಬಿಡಿಸಿ ಹೇಳುತ್ತಾನೆ. ಬಾವಿಗೆ ಬೆಲೆ ಕಟ್ಟಿ ಪಾಲು ಮಾಡುವಂತಿಲ್ಲ, ಸರದಿಯ ಮೇಲೆ ನೀರು ಸೇದಿಕೊಳ್ಳಬೇಕು. ಮನೆಗೂ ತೋಟಕ್ಕೂ ಹೋಗಿಬರುವ ದಾರಿಯನ್ನೂ ತುಂಡು ಮಾಡುವಂತಿಲ್ಲ.

ಪಾವಗಡ, ಶಿರಾ ಸೀಮೆಯ ಮಾಳಿಗೆ ಮನೆಗಳಲ್ಲಿ ತಕರಾರು ತಲೆಯ ಮೇಲೂ ಇತ್ತು. ತೊಲೆ, ಜಂತೆಗಳ ಮೇಲೆ ಚೌಳು ಮಣ್ಣು ಹರಡಿದ ಮಾಳಿಗೆ ಮನೆಯುದ್ದಕ್ಕೂ ಒಂದೇ. ಕೆಳಗೆ ಗೋಡೆ ಎದ್ದರೂ ಮೇಲೆ ಮಾಳಿಗೆ ಕೂಡೇ ಇರುತ್ತಿತ್ತು. ಮಳೆಗಾಲಕ್ಕೆ ಮುಂಚೆ ಒಬ್ಬ ಹೊಸ ಮಣ್ಣು ಹಾಕಿಸಿ ಇನ್ನೊಬ್ಬ ಸುಮ್ಮನಿದ್ದರೆ ಸೋರಿಕೆ ಇಬ್ಬರಿಗೂ. ಒಬ್ಬ ಮಾಳಿಗೆ ಕಿತ್ತು ಆರ್‌ಸಿಸಿ ಹಾಕಿಸಿ ಎತ್ತರಿಸಿದರಂತೂ ಅದರ ನೀರು ಪಕ್ಕದ ಮಣ್ಣಿನ ಮಾಳಿಗೆಗೆ ಸುರಿದು, ನಡುವಿನ ಜಂಟಿ ಗೋಡೆ ನೆನೆದು ಉಬ್ಬುತ್ತಿತ್ತು.

ಹೊಲದ ಗಡಿಗೆ ಇಷ್ಟು ಗೊಂದಲವಿರಲಿಲ್ಲ. ಮೈಸೂರು ಸೀಮೆಯಲ್ಲಿ 1863ರಲ್ಲಿ ಆರಂಭವಾದ ಕಂದಾಯ ಸರ್ವೆ ಹೊಲಗಳಿಗೆ ನಂಬರು ಕೊಟ್ಟು, ಗಡಿಗೆ ಕಲ್ಲು ನೆಡಿಸಿತು. ಮನೆಗಳಿದ್ದ ಗ್ರಾಮಠಾಣಾ ಮಾತ್ರ ಹಾಗೆ ಮನೆಮನೆಯ ಅಳತೆಗೆ ಬರಲಿಲ್ಲ. ಹೀಗಾಗಿ ಮನೆಯ ಗಡಿಗೆ ಸಾಕ್ಷಿ ಎಂದರೆ ಪಾಲುಪಟ್ಟಿಯ ಚಕ್ಕುಬಂದಿ ಮತ್ತು ಹಿರಿಯರ ನೆನಪು. ಬಾವಿ ಜಂಟಿ, ಓಣಿಯಲ್ಲಿ ಇಬ್ಬರಿಗೂ ಓಡಾಟದ ಹಕ್ಕಿದೆ ಎಂದು ಪಾಲುಪಟ್ಟಿಯಲ್ಲಿ ಎರಡು ಸಾಲು ಬರೆಸಿದ ಮನೆಗಳು ಪುಣ್ಯ ಮಾಡಿದ್ದವು. ಬರೆಸದೆ ಬಿಟ್ಟ ಕಡೆ ಅಣ್ಣತಮ್ಮಂದಿರು ಹೊಂದಿಕೊಂಡು ಬಾಳಿದರೂ ಅವರ ಮಕ್ಕಳ ಕಾಲಕ್ಕೆ ಓಣಿಗೆ ಮುಳ್ಳು ಬೀಳುತ್ತಿತ್ತು. ಒಂದೇ ಬಾವಿಯ ನೀರು ಕುಡಿದು ಬೆಳೆದವರು ಒಬ್ಬರ ಮನೆಯ ಸಾವಿಗೆ ಇನ್ನೊಬ್ಬರು ಹೋಗದಷ್ಟು ದೂರವಾಗುವುದು ಸಣ್ಣ ನಷ್ಟವಲ್ಲ.

ನ್ಯಾಯ ಪಂಚಾಯ್ತಿಯಲ್ಲಿ ತೀರದ್ದು ಕೋರ್ಟಿಗೆ ಹೋಗುತ್ತದೆ. ಅಲ್ಲಿ ಮೊದಲು ಯಾರಿಗೆ ಎಷ್ಟು ಪಾಲು ಎಂಬ ಪ್ರಾಥಮಿಕ ಡಿಕ್ರಿ. ಆಮೇಲೆ ಕೋರ್ಟ್ ಕಮಿಷನರ್ ಟೇಪು ಹಿಡಿದು ಮನೆಗೆ ಬಂದು, ಅಳೆದು ನಕ್ಷೆ ಮಾಡುತ್ತಾರೆ. ಅದರ ಮೇಲೆ ಅಂತಿಮ ಡಿಕ್ರಿ. 1882ರ ಈಸ್‌ಮೆಂಟ್ ಕಾಯ್ದೆಯೂ ಇಲ್ಲಿ ನೆರವಿಗೆ ಬರುತ್ತದೆ. 20 ವರ್ಷ ಹಕ್ಕಿನಿಂದ, ಬಹಿರಂಗವಾಗಿ, ತಡೆಯಿಲ್ಲದೆ ಓಡಾಡಿದ ದಾರಿ ಹಕ್ಕಾಗುತ್ತದೆ. ಪಾಲಾದ ಮನೆಗೆ ಬೇರೆ ದಾರಿಯೇ ಇಲ್ಲದಿದ್ದರೆ ಇನ್ನೊಂದು ಪಾಲಿನ ಮೂಲಕ ಹೋಗುವ ಹಕ್ಕು ವಿಭಾಗದ ದಿನದಿಂದಲೇ ಬರುತ್ತದೆ.

ಹೆಣ್ಣುಮಕ್ಕಳು ಈ ಲೆಕ್ಕದೊಳಗೆ ಬಂದದ್ದು ತಡವಾಗಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಂದೆಯ ಆಸ್ತಿಯಲ್ಲಿ ಪಾಲು ಕೊಟ್ಟರೂ, ಗಂಡುಮಕ್ಕಳು ಬೇರೆಯಾಗುವ ತನಕ ವಾಸದ ಮನೆಯ ವಿಭಾಗ ಕೇಳಲು ಬಿಟ್ಟಿರಲಿಲ್ಲ. ಕರ್ನಾಟಕ 1994ರಲ್ಲಿ ಅವಿವಾಹಿತ ಹೆಣ್ಣುಮಕ್ಕಳನ್ನು ಪಿತ್ರಾರ್ಜಿತದಲ್ಲಿ ಸಮಾನ ಹಕ್ಕುದಾರರನ್ನಾಗಿ ಮಾಡಿತು. 2005ರಲ್ಲಿ ಕೇಂದ್ರದ ತಿದ್ದುಪಡಿ ವಾಸದ ಮನೆಯ ಆ ತಡೆಯನ್ನೂ ತೆಗೆಯಿತು. ಹಾಗಾಗಿ ತಲೆಬಾಗಿಲು, ಬಾವಿ, ಓಣಿಗಳ ಮಾತುಕತೆಗೆ ಅಕ್ಕತಂಗಿಯರೂ ಕೂರಬೇಕಾಯಿತು.

2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್‌ಗಳು ಗ್ರಾಮಠಾಣಾಗಳ ಮೇಲೆ ಹಾರಿ, ಹಿಂದಿನ ಸರ್ವೆ ಬಿಟ್ಟ ಮನೆಗಳ ನಕ್ಷೆ ತೆಗೆಯತೊಡಗಿದವು. ಮನೆಯ ಹೊರಗಡಿ ಅದರಲ್ಲಿ ಸಿಗುತ್ತದೆ. ಆದರೆ ಒಂದೇ ಸೂರಿನಡಿಯ ಪಡಸಾಲೆಯಲ್ಲಿ ಯಾರಿಗೆಲ್ಲ ಓಡಾಟದ ಹಕ್ಕಿದೆ ಎಂಬುದು ಮೇಲಿನಿಂದ ತೆಗೆದ ಚಿತ್ರದಲ್ಲಿ ಕಾಣುವುದಿಲ್ಲ. ಅದನ್ನು ಮನೆಮಂದಿಯೇ ಕೂತು ಮಾತಾಡಿ, ಪಾಲುಪಟ್ಟಿಯಲ್ಲಿ ಬರೆಸಿ, ನೋಂದಾಯಿಸಬೇಕು.